ಒಂದು ಬೆರಳು ಇರಲಿ

ಇರಲಿ ಮಾಸ್ಟರ ನಿಜವಾದ ಹೆಸರೇನೆಂದು ಕೇಳಿದರೆ ಆ ಬೀದಿಯಲ್ಲಿ ಯಾರೂ ತಟ್ಟನೆ ಹೇಳಲಾರರು. ಟೈಲರ್ ಅಂಗಡಿಯ ಬೋರ್ಡಿನ ಮೇಲೆ ಮೊದಲು ಬರೆಸಿದ್ದರಂತೆ. ಬಿಸಿಲಿಗೆ ಅಕ್ಷರಗಳೆಲ್ಲ ಹಾರಿಹೋಗಿ ಈಗ ಒಂದು ಕತ್ತರಿಯ ಚಿತ್ರ ಮಾತ್ರ ಉಳಿದಿದೆ. ಹೆಸರು ಹೋದರೂ ಮಾತು ಉಳಿಯಿತು. ಗಿರಾಕಿಯ ಎದೆಗೆ ಟೇಪು ಸುತ್ತಿ, ಕನ್ನಡಕದ ಮೇಲಿಂದ ನೋಡಿ, "ಮೂವತ್ತೆಂಟು" ಎಂದು ಗಟ್ಟಿಯಾಗಿ ಓದಿ, ಆಮೇಲೆ ದನಿ ತಗ್ಗಿಸಿ "ಒಂದು ಬೆರಳು ಇರಲಿ" ಎಂದು ತಮಗೆ ತಾವೇ ಹೇಳಿಕೊಂಡು, ಟೇಪಿನೊಳಗೆ ಒಂದು ಬೆರಳು ತೂರಿಸಿ, ಅದನ್ನೂ ಸೇರಿಸಿ ಬರೆದುಕೊಳ್ಳುವುದು ಅವರ ಪದ್ಧತಿ.

"ಯಾಕ್ ಮಾಸ್ಟ್ರೇ?" ಎಂದವರಿಗೆ ಉತ್ತರ ಸಿದ್ಧವಿತ್ತು.

"ನೀವು ಉಸಿರಾಡಲ್ವಾ? ಊಟ ಮಾಡಲ್ವಾ? ನಾಳೆ ಯಾರಾದ್ರೂ ನಾಲ್ಕು ಜನರ ಮುಂದೆ ಹೊಗಳಿದ್ರೆ ಎದೆ ಉಬ್ಬಲ್ವಾ? ಆಗ ಗುಂಡಿ ಕಿತ್ಕೊಂಡು ಹೋದ್ರೆ ನನ್ನ ಮರ್ಯಾದೆ ಗತಿ ಏನು?"

ಈ ಲೆಕ್ಕದಲ್ಲಿ ಊರಿನ ಗಂಡಸರೆಲ್ಲ ಗೋಣಿಚೀಲ ಹೊದ್ದವರ ಹಾಗೆ ಓಡಾಡಬೇಕಿತ್ತು. ಹಾಗೇನೂ ಆಗಿರಲಿಲ್ಲ. ಮಾಸ್ಟರು ಹೊಲಿದ ಅಂಗಿ ಮೈಗೆ ಅಂಟಿಯೂ ಅಂಟದ ಹಾಗೆ ಕೂರುತ್ತಿತ್ತು. ಕೈಗುಣ ಎಂದು ಜನ ಹೇಳುತ್ತಿದ್ದರು, ಮಾಸ್ಟರೂ ಅದನ್ನೇ ನಂಬಿದ್ದರು. ನಿಜ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ, ಒಂದು ಅವರ ಹೆಂಡತಿಗೆ, ಇನ್ನೊಂದು ಆಕೆಯ ಕತ್ತರಿಗೆ. ಬಟ್ಟೆಯ ಮೇಲೆ ಮಾಸ್ಟರು ಸೀಮೆಸುಣ್ಣದಲ್ಲಿ ದಪ್ಪಗೆ ಗೆರೆ ಹಾಕಿ ಟೀ ಕುಡಿಯಲು ಹೋದರೆ, ಕತ್ತರಿಸುವುದು ಆಕೆಯ ಪಾಲಿನ ಕೆಲಸ. ಆಕೆ ಆ ದಪ್ಪ ಗೆರೆಯನ್ನು ಒರೆಸಿ, ಒಂದು ಬೆರಳು ಒಳಗೆ ಕೂದಲೆಳೆಯಂಥ ಗೆರೆ ಹಾಕಿ, ಅದರ ಗುಂಟ ಕತ್ತರಿಸುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿತ್ತು. ಗೆರೆ ತೆಳ್ಳಗಾಗಿರುವುದನ್ನು ಮಾಸ್ಟರು ಗಮನಿಸಿರಲಿಲ್ಲವೆಂದಲ್ಲ. ಕತ್ತರಿ ತಗುಲಿ ಸವೆಯುತ್ತದೆ ಎಂದು ತಿಳಿದಿದ್ದರು.

ಇಂಥ ಮನೆಗೆ ಒಂದು ಸೋಮವಾರ ಬೆಳಗ್ಗೆ ನೀರು ಸರಬರಾಜು ಕಚೇರಿಯಿಂದ ಕಾಗದ ಬಂತು. ಬಂದದ್ದು ಮಾಸ್ಟರ ಮಾವನವರಿಗೆ, ಅಂದರೆ ಹೆಂಡತಿಯ ಅಪ್ಪನಿಗೆ. ಮಾವನವರು ಗುಡ್ಡದ ಮೇಲಿನ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಪಂಪು ನಡೆಸಿ ನಿವೃತ್ತರಾದವರು. ಈಗ ಮಗಳ ಮನೆಯ ಜಗಲಿಯಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡು ಬೀದಿಯನ್ನು ನಡೆಸುತ್ತಿದ್ದರು. ಹಳೆಯ ಪಂಪನ್ನು ಬರುವ ಭಾನುವಾರ ಹತ್ತು ಗಂಟೆಗೆ ಶಾಶ್ವತವಾಗಿ ನಿಲ್ಲಿಸಲಾಗುವುದು, ಅಷ್ಟು ವರ್ಷ ಅದನ್ನು ನಡೆಸಿದ ತಾವೇ ಬಂದು ಸ್ವಿಚ್ಚು ಎಳೆಯಬೇಕು ಎಂದು ಕಾಗದದಲ್ಲಿ ಬರೆದಿತ್ತು. ಮಾವನವರು ಓದಿದರು, ಮಡಿಚಿದರು, ಮತ್ತೆ ಬಿಡಿಸಿ ಓದಿದರು.

"ನನಗೊಂದು ಕೋಟು ಹೊಲಿದುಕೊಡಿ ಅಳಿಯಂದ್ರೇ. ಅದರ ಮುಂದೆ ಮೂವತ್ತೊಂದು ವರ್ಷ ಖಾಕಿ ಹಾಕ್ಕೊಂಡೇ ನಿಂತಿದ್ದೀನಿ. ಕೊನೇ ದಿನ ಒಂದು ಸಲ ಮರ್ಯಾದೆಯಾಗಿ ಕಾಣಿಸ್ಕೋಬೇಕು."

ಕೋಟಿನ ವಿಷಯ ಸುಲಭ. ಹೋಗುವ ವಿಷಯ ಕಷ್ಟ. ಮಾವನವರ ಮೊಣಕಾಲುಗಳು ಅವರ ಹಿಂದೆಯೇ ನಿವೃತ್ತಿ ತೆಗೆದುಕೊಂಡಿದ್ದವು. ಮನೆಯಲ್ಲಿ ಒಂದು ಕಾರಿತ್ತು. ಮಾವನವರು ನಿವೃತ್ತಿಯಾದಾಗ ಬಂದ ಹಣದಲ್ಲಿ ಕೊಂಡು, ಕಣ್ಣು ಮಂಜಾದ ಮೇಲೆ ಅಳಿಯನ ಕೈಗೆ ಕೀಲಿ ಕೊಟ್ಟ ಹಳೆಯ ಕಾರು. ಚಪ್ಪಟೆ ರಸ್ತೆಯಲ್ಲಿ ಅದರಷ್ಟು ಸಾಧು ಇನ್ನೊಂದಿಲ್ಲ. ಗುಡ್ಡದ ರಸ್ತೆಯ ಎರಡನೇ ತಿರುವಿಗೆ ಬಂದರೆ ಮಾತ್ರ ನಿಂತುಬಿಡುತ್ತಿತ್ತು. ಅಲ್ಲಿ ಎಲ್ಲರೂ ಇಳಿದು ನೂಕಬೇಕು. ಮಾಸ್ಟರೊಬ್ಬರೇ ಕೂತು ಓಡಿಸಿದರೆ ಹತ್ತುತ್ತಿತ್ತು, ಅದೂ ಅವರು ಬೆಳಗಿನ ತಿಂಡಿ ತಿಂದಿರದಿದ್ದರೆ.

ಕಾಗದ ಬಂದಾಗ ಎದುರುಮನೆಯ ಮ್ಯಾನೇಜರು ಅಲ್ಲೇ ಇದ್ದರು. ಇವರು ಬ್ಯಾಂಕಿನಿಂದ ನಿವೃತ್ತರಾಗಿ ಹೊಸ ಕಾರು ಕೊಂಡವರು. ಪೇಪರು ಹಿಂದಿರುಗಿಸುವ ನೆಪದಲ್ಲಿ ಬಂದು ಇನ್ನೊಬ್ಬರ ಕಾಗದವನ್ನೂ ಓದಿಕೊಂಡು ಹೋಗುವಷ್ಟು ಸಲಿಗೆ ಉಳ್ಳವರು.

"ಯೋಚನೆ ಬೇಡ, ನನ್ನ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ಏಸಿ ಇದೆ. ನಿಮ್ಮ ಗಾಡಿಗೆ ಆ ತಿರುವು ಆಗಿಬರಲ್ಲ ಬಿಡಿ," ಎಂದರು ಮ್ಯಾನೇಜರು.

ಮಾತು ಒಳ್ಳೆಯದೇ. ಆದರೆ ಆ "ಬಿಡಿ" ಮಾಸ್ಟರಿಗೆ ಸೂಜಿಯಂತೆ ಚುಚ್ಚಿತು.

"ಯಾಕೆ ಬಿಡೋದು? ನಮ್ಮ ಗಾಡೀಲೇ ಹೋಗ್ತೀವಿ. ನಾನು, ಇವಳು, ಮಾವ, ಮೂರು ಜನ. ತಿರುವಲ್ಲಿ ಒಬ್ರೂ ಇಳಿಯಲ್ಲ. ಮಾವ ಇಳಿಯೋದು ಪಂಪ್‌ಹೌಸ್ ಬಾಗಿಲಲ್ಲೇ."

ಹೇಳಿ ಮುಗಿಸುವ ಮೊದಲೇ ಮಾಸ್ಟರಿಗೆ ತಪ್ಪು ಗೊತ್ತಾಗಿತ್ತು. ಆದರೆ ಮಾವನವರು ಕುರ್ಚಿಯಲ್ಲಿ ನೆಟ್ಟಗಾಗಿದ್ದರು. ಅವರ ಮುಖದಲ್ಲಿ ಅಂಥ ಬೆಳಕು ಕಂಡು ಎಷ್ಟೋ ವರ್ಷವಾಗಿತ್ತು.

"ಹೌದಾ? ಹಾಗಾದ್ರೆ ನನ್ನ ಕಾರಲ್ಲೇ ಹೋಗೋಣ. ಇನ್ನೊಬ್ರ ಗಾಡೀಲಿ ಹೋಗೋದಾದ್ರೆ ನನಗೆ ಮನಸ್ಸೇ ಇಲ್ಲ," ಎಂದರು.

ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ. ಮಾಸ್ಟರು ನೇರವಾಗಿ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್ಕಿನ ಮುಂದೆ ಕೂತರು. ಮೆಕ್ಯಾನಿಕ್ ಹನ್ನೆರಡು ವರ್ಷದಿಂದ ಮಾಸ್ಟರು ಹೊಲಿದ ಬಟ್ಟೆಯನ್ನೇ ತೊಟ್ಟು ಅದಕ್ಕೆ ಗ್ರೀಸು ಬಳಿಯುತ್ತಿದ್ದ ಸಜ್ಜನ. ಕಥೆ ಕೇಳಿ, ಮೂಲೆಯ ರಾಶಿಯಿಂದ ಒಂದು ಕಬ್ಬಿಣದ ಡಬ್ಬಿಯಂಥದ್ದನ್ನು ಎಳೆದು ತಂದ.

"ಸೂಪರ್‌ಚಾರ್ಜರ್ ಮಾಸ್ಟ್ರೇ. ಎಂಜಿನ್ ತಾನಾಗೇ ಎಷ್ಟು ಗಾಳಿ ಎಳ್ಕೊಳುತ್ತೋ ಅದಕ್ಕಿಂತ ಜಾಸ್ತಿ ಗಾಳೀನ ಇದು ಒಳಗೆ ತುರುಕುತ್ತೆ. ಗಾಳಿ ಜಾಸ್ತಿ ಹೋದ್ಮೇಲೆ ಪೆಟ್ರೋಲೂ ಜಾಸ್ತಿ ಹೋಗ್ಬೇಕು. ಸಾಲದೆ ಹೋದ್ರೆ ಢಮ್ ಅನ್ನುತ್ತೆ, ಎಳೆಯಲ್ಲ. ಹೆಚ್ಚಾದ್ರೆ ಕರೀ ಹೊಗೆ. ಎರಡರದ್ದೂ ಅಳತೆ ಕೂಡಿದ್ರೆ ಗುಡ್ಡ ಏನು, ಗೋಡೆ ಹತ್ತುತ್ತೆ."

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಸ್ಟರು ಕೊರಳಿನ ಟೇಪು ಸರಿಮಾಡಿಕೊಂಡರು.

"ನೀವು ಡಬ್ಬಿ ಕೂರಿಸಿ ಸಾಕು. ಅಳತೆ ನನಗೆ ಬಿಡಿ."

ಮೆಕ್ಯಾನಿಕ್ ಮಂಗಳವಾರ ಪೂರ್ತಿ ಕೂತು ಡಬ್ಬಿ ಕೂರಿಸಿ, ಬೆಲ್ಟು ಬಿಗಿದು, ಕಾರ್ಬುರೇಟರಿನ ಅಡಿಯಲ್ಲಿದ್ದ ಒಂದು ನಟ್ಟನ್ನು ತೋರಿಸಿದ. ಆರು ಮುಖದ ನಟ್ಟು. ಕೆಳಕ್ಕೆ ತಿರುಗಿಸಿದರೆ ಪೆಟ್ರೋಲು ಹೆಚ್ಚು, ಮೇಲಕ್ಕೆ ತಿರುಗಿಸಿದರೆ ಕಡಿಮೆ. ಬೇಕಾಗಿದ್ದದ್ದು ಐದು ಮುಖ ಕೆಳಕ್ಕೆ. ಐದು ಎನ್ನಲು ಬಾಯಿ ತೆರೆದವನು ಒಂದು ಕ್ಷಣ ತಡೆದ. ಎದುರಿಗಿರುವುದು ಯಾರು? ಇರಲಿ ಮಾಸ್ಟರು. ಐದು ಎಂದರೆ ಆರು ಮಾಡುತ್ತಾರೆ.

"ನಾಲ್ಕು ಮಾಡಿ ಮಾಸ್ಟ್ರೇ," ಎಂದ, ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ಬೆನ್ನು ತಟ್ಟಿಕೊಳ್ಳುತ್ತ.

ಪಾಪ, ಅವನಿಗೆ ಮಾಸ್ಟರ ಬಾಯಿ ಗೊತ್ತಿತ್ತೇ ಹೊರತು ಅವರ ಹೆಂಡತಿಯ ಕತ್ತರಿ ಗೊತ್ತಿರಲಿಲ್ಲ.

ಸಂಜೆ ಮಾಸ್ಟರು ಅಂಗಳದಲ್ಲಿ ಬಾನೆಟ್ ಎತ್ತಿ ಮಾವನವರಿಗೆ ಎಲ್ಲವನ್ನೂ ವಿವರಿಸಿದರು. ಕೆಳಕ್ಕೆ ಹೆಚ್ಚು, ಮೇಲಕ್ಕೆ ಕಡಿಮೆ. ನಾಲ್ಕು ಮುಖ ಎಣಿಸಿ ತಿರುಗಿಸಿದರು. ಆಮೇಲೆ ದನಿ ತಗ್ಗಿಸಿ, "ಒಂದು ಇರಲಿ" ಎಂದು ಐದನೆಯದನ್ನೂ ತಿರುಗಿಸಿದರು. ಅಲ್ಲಿಗೆ ಲೆಕ್ಕ ಸರಿಯಾಗಿ ಕೂಡಿತ್ತು, ಕಥೆ ಮುಗಿಯಬೇಕಿತ್ತು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಆ "ಇರಲಿ"ಯನ್ನು ಕೇಳಿಸಿಕೊಂಡಳು. ಇಪ್ಪತ್ತೆರಡು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ. ಬೆಳಗ್ಗೆ ಅಂಗಳ ಗುಡಿಸಲು ಹೋದವಳು ಪೊರಕೆ ಗೋಡೆಗೊರಗಿಸಿ, ಬಾನೆಟ್ ಎತ್ತಿ, ಸ್ಪ್ಯಾನರಿನಲ್ಲಿ ಒಂದು ಮುಖ ಹಿಂದಕ್ಕೆ ತಿರುಗಿಸಿ, ಮತ್ತೆ ಪೊರಕೆ ತೆಗೆದುಕೊಂಡಳು. ಆಕೆಗೆ ಅದು ಮೋಸ ಅನ್ನಿಸಲಿಲ್ಲ. ಗಂಡನ ಅಂಗಿಯ ಕಾಲರ್ ಮಡಚಿದ್ದರೆ ನೆಟ್ಟಗೆ ಮಾಡುವುದಿಲ್ಲವೇ, ಹಾಗೆ. ಜಗಲಿಯ ಬೆತ್ತದ ಕುರ್ಚಿಯಲ್ಲಿ ಬೇಗ ಎದ್ದು ಕೂತಿದ್ದ ಮಾವನವರು ಇದನ್ನು ನೋಡಿ, ಪೇಪರನ್ನು ಸ್ವಲ್ಪ ಮೇಲೆತ್ತಿಕೊಂಡರು.

ಬುಧವಾರ ಮೊದಲ ಪರೀಕ್ಷೆ. ಬೀದಿಯ ಜನ ಗೇಟುಗಳಿಗೆ ಬಂದು ನಿಂತರು. ಮ್ಯಾನೇಜರು ತಮ್ಮ ಹೊಸ ಕಾರನ್ನು ತೊಳೆಯುತ್ತ, ನೋಡದವರಂತೆ ನೋಡುತ್ತಿದ್ದರು. ಮಾಸ್ಟರು ಕಾರು ಹೊರಡಿಸಿ, ಅವರ ಗೇಟಿನ ಮುಂದೆ ಬಂದಾಗ ಬೇಕೆಂದೇ ಆಕ್ಸಿಲರೇಟರ್ ಒತ್ತಿದರು.

ಢಮ್.

ಮರದಲ್ಲಿದ್ದ ಕಾಗೆಗಳೆಲ್ಲ ಒಂದೇ ಸಲ ರಾಜೀನಾಮೆ ಕೊಟ್ಟು ಹೋದವು. ಮ್ಯಾನೇಜರ ಕೈಯಲ್ಲಿದ್ದ ಬಕೆಟ್ಟು ಮೇಲಕ್ಕೆ ಹೋಗಿ, ನೀರು ಅವರ ತಲೆಯ ಮೇಲೆ ಇಳಿಯಿತು. ನೊರೆ ಒರೆಸಿಕೊಳ್ಳುತ್ತ ಅವರು ಶಾಂತವಾಗಿ ಕೇಳಿದರು.

"ಗುಡ್ಡ ಹತ್ತೋದು ಹೀಗೇನಾ, ಇಲ್ಲಾ ಗುಡ್ಡಾನೇ ಒಡೆಯೋ ಪ್ಲಾನಾ?"

ಮೆಕ್ಯಾನಿಕ್ ಬಂದು ಎಂಜಿನ್ನಿನ ಪ್ಲಗ್ ಬಿಚ್ಚಿ ನೋಡಿದ. ತುದಿ ಬೆಳ್ಳಗೆ ಸುಟ್ಟಿತ್ತು. ಪೆಟ್ರೋಲು ಸಾಲದು ಎಂದು ಅದರ ಅರ್ಥ. ಅವನ ಕಣ್ಣು ತುಂಬಿ ಬಂತು. ಹಾಗಾದರೆ ನಾಲ್ಕು ಎಂದರೆ ನಾಲ್ಕೇ ಮಾಡಿದ್ದಾರೆ. ಮಾಸ್ಟರು ಬದಲಾಗಿದ್ದಾರೆ. ಇಂಥವರಿಗೆ ಇನ್ನು ಸುಳ್ಳು ಲೆಕ್ಕ ಹೇಳಬಾರದು.

"ಇನ್ನೊಂದೇ ಒಂದು ಮುಖ ಮಾಸ್ಟ್ರೇ," ಎಂದ.

ಮಾಸ್ಟರು ಒಂದು ತಿರುಗಿಸಿದರು. ಬೆಳಗಿನ ಢಮ್ ನೆನಪಾಗಿ ಇನ್ನೊಂದು ಇರಲಿ ಎಂದು ಎರಡಾಗಿ ಮಾಡಿದರು. ಅತ್ತ ಆ ಢಮ್ ಕೇಳಿದ್ದ ಹೆಂಡತಿ, ತನ್ನಿಂದಲೇ ಆದದ್ದೇನೋ ಎಂದು ಆ ದಿನ ಕೈ ಹಚ್ಚದೆ ಸುಮ್ಮನಿದ್ದಳು. ಬೇಕಾದದ್ದು ಐದು, ಈಗ ಆರಾಯಿತು.

ಗುರುವಾರ ಮಾಸ್ಟರು ಪೇಟೆ ಚೌಕಕ್ಕೆ ಹೋದಾಗ ಕಾರು ತನ್ನ ಹಿಂದೆ ಕರಿಯ ಪರದೆಯೊಂದನ್ನು ಎಳೆದುಕೊಂಡೇ ಹೋಯಿತು. ಚೌಕದ ನಡುವೆ ಬಿಳಿ ಯೂನಿಫಾರ್ಮಿನ ಟ್ರಾಫಿಕ್ ಪೊಲೀಸು ನಿಂತಿದ್ದ. ಆ ಯೂನಿಫಾರ್ಮನ್ನು ಹೊಲಿದವರು ಮಾಸ್ಟರೇ. ಕಾರು ಅವನನ್ನು ಒಂದು ಸುತ್ತು ಹಾಕಿತು. ಹೊಗೆ ಸರಿದಾಗ ಅವನ ಕಣ್ಣುಗಳೆರಡೇ ಬೆಳ್ಳಗಿದ್ದವು.

"ಇಳೀರಿ ಮಾಸ್ಟ್ರೇ."

ಮಾಸ್ಟರು ಇಳಿದರು. ಗಾಬರಿಯಲ್ಲಿ ಅವರ ಕಣ್ಣು ತನ್ನಷ್ಟಕ್ಕೆ ಅವನ ಭುಜದ ಹೊಲಿಗೆಯನ್ನು ಪರೀಕ್ಷಿಸಿತು.

"ಭುಜ ಚೆನ್ನಾಗಿ ಕೂತಿದೆ," ಎಂದರು.

"ಭುಜ ಕೂತಿದೆ, ಮಸೀನೂ ಕೂತಿದೆ. ಇದನ್ನ ನಿನ್ನೆ ತಾನೇ ಇಸ್ತ್ರಿ ಮಾಡ್ಸಿದ್ದೆ. ನೋಡಿ, ನೀವು ನಮ್ಮೋರು ಅಂತ ಇವತ್ತು ಬಿಡ್ತಿದ್ದೀನಿ. ಭಾನುವಾರ ಗುಡ್ಡದ ಬುಡದಲ್ಲಿ ನಂದೇ ಡ್ಯೂಟಿ. ಅಲ್ಲಿ ಒಂದು ಚೂರು ಹೊಗೆ ಕಂಡ್ರೆ ಗಾಡಿ ಸ್ಟೇಷನ್ನಿಗೆ, ನೀವು ನಡ್ಕೊಂಡು ಮನೆಗೆ."

ಹೊಗೆಯ ಸುದ್ದಿ ಕೇಳಿ ಹೆಂಡತಿಗೆ ಮನಸ್ಸು ಹಗುರವಾಯಿತು. ನೋಡಿದಿರಾ, ತಾನು ತೆಗೆಯದಿದ್ದರೆ ಹೀಗಾಗುತ್ತದೆ. ಅಲ್ಲಿಂದ ಆಕೆಯ ಕೈ ಮತ್ತೆ ಕೆಲಸಕ್ಕೆ ಹಾಜರಾಯಿತು. ಆ ಸಂಜೆ ಮಾಸ್ಟರು ಒಂದು ಮುಖ ಕಡಿಮೆ ಮಾಡಿದರು, ಅಂದರೆ ಮತ್ತೆ ಐದಕ್ಕೆ ತಂದರು. ನಟ್ಟು ತಾನಾಗಿಯೇ ಅಲುಗುತ್ತಿದೆಯೇನೋ ಎಂಬ ಅನುಮಾನ ಬಂದು, ಅಂಗಡಿಯ ಸೀಮೆಸುಣ್ಣದಿಂದ ನಟ್ಟಿನಿಂದ ಪಕ್ಕದ ಲೋಹದವರೆಗೆ ದಪ್ಪಗೆ ಒಂದು ಗೆರೆ ಎಳೆದರು. ನಟ್ಟು ಅಲುಗಿದರೆ ಗೆರೆ ತುಂಡಾಗಬೇಕು.

ಶುಕ್ರವಾರ ಬೆಳಗ್ಗೆ ನೋಡಿದರೆ ಗೆರೆ ತುಂಡಾಗಿತ್ತು. ಸರಿಯಾಗಿ ಒಂದು ಮುಖದಷ್ಟು.

ಮಾಸ್ಟರು ಸೊಂಟದ ಮೇಲೆ ಕೈಯಿಟ್ಟು ಬೀದಿಯನ್ನು ಅವಲೋಕಿಸಿದರು. ತಾನಾಗಿ ಅಲುಗುವ ನಟ್ಟು ಅಳತೆ ನೋಡಿ ಅಲುಗುವುದಿಲ್ಲ. ಇದು ಮನುಷ್ಯನ ಕೆಲಸ. ನಮ್ಮ ಕಾರು ಗುಡ್ಡ ಹತ್ತಬಾರದೆಂದು ಬಯಸುವ ಮನುಷ್ಯ ಯಾರು? ಅವರ ದೃಷ್ಟಿ ನೇರ ಎದುರುಮನೆಯ ಗೇಟಿಗೆ ಹೋಗಿ ನಿಂತಿತು. ಕೂಡಲೇ ರಸ್ತೆ ದಾಟಿದರು.

"ಸ್ಪ್ಯಾನರ್ ಇದೆಯಾ ನಿಮ್ಮ ಹತ್ರ?"

"ಇದೆ. ಬೇಕಿತ್ತಾ?" ಎಂದರು ಮ್ಯಾನೇಜರು.

"ಒಪ್ಕೊಂಡ್ರಲ್ಲ, ಸಾಕು."

"ಏನು ಒಪ್ಕೊಂಡೆ?"

"ಮೂವತ್ತು ವರ್ಷ ಬ್ಯಾಂಕಲ್ಲಿ ಬೀಗ ತೆಗೆದೂ ಹಾಕೀ ಮಾಡಿದ ಕೈ. ಒಂದು ಬಾನೆಟ್ ತೆಗೆಯೋದು ಎಷ್ಟರದು?"

ಮ್ಯಾನೇಜರಿಗೆ ವಿಷಯ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಗಿ, ಆಮೇಲೆ ಬೆಳ್ಳಗಾಯಿತು.

"ನಿಮ್ಮ ಮಾವನವರು ಕಷ್ಟಪಡಬಾರದು ಅಂತ ನನ್ನ ಕಾರು ಕೊಡ್ತೀನಿ ಅಂದವನು ನಾನು. ನಾನು ನಿಮ್ಮ ನಟ್ಟು ತಿರುಗಿಸ್ತೀನಾ? ಆಯ್ತು. ಭಾನುವಾರ ನನ್ನ ಕಾರು ಶೆಡ್ಡಿಂದ ಹೊರಗೆ ಬರಲ್ಲ. ಹೇಗೆ ಹೋಗ್ತೀರೋ ಹೋಗಿ."

ಗೇಟು ಮುಚ್ಚಿದ ಸದ್ದು ಕಾರಿನ ಢಮ್ಮಿಗಿಂತ ದೊಡ್ಡದಾಗಿತ್ತು. ಕಿಟಕಿಯಲ್ಲಿ ನಿಂತಿದ್ದ ಹೆಂಡತಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಓಡಿಹೋಗಿ ಹೇಳಿಬಿಡಬೇಕು ಎಂದು ಬಾಗಿಲವರೆಗೂ ಬಂದಳು. ಆದರೆ ನಟ್ಟಿನ ವಿಷಯ ಹೇಳಿದರೆ ಬಟ್ಟೆಯ ವಿಷಯವೂ ಬಾಯಿಗೆ ಬರುತ್ತದೆ. ಊರೆಲ್ಲ ತನ್ನ ಕೈಗುಣವನ್ನು ಹೊಗಳುತ್ತದೆ ಎಂದು ನಂಬಿ ಬದುಕಿದ ಮನುಷ್ಯನಿಗೆ, ನಿಮ್ಮ ಒಂದು ಅಳತೆಯೂ ನಾನು ಮುಟ್ಟದೆ ಹೊರಗೆ ಹೋಗಿಲ್ಲ ಎಂದು ಹೇಗೆ ಹೇಳುವುದು? ಬಾಗಿಲಿಂದ ಹಿಂದಿರುಗಿ, ಅಪ್ಪನ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಳು.

ಮಧ್ಯಾಹ್ನ ಮೆಕ್ಯಾನಿಕ್ ತಾನೇ ಬಂದ. ಯಾರ ಮಾತೂ ಕೇಳದೆ ತನ್ನ ಕೈಯಾರೆ ಐದು ಮುಖಕ್ಕೆ ಕೂರಿಸಿ, ಮಾಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೇಟೆ ಸುತ್ತಿ ಬಂದ. ಕಾರು ಕೆಮ್ಮಲಿಲ್ಲ, ಸೀನಲಿಲ್ಲ, ಹೊಗೆ ಬಿಡಲಿಲ್ಲ. ಪ್ಲಗ್ ಬಿಚ್ಚಿದರೆ ತುದಿ, ಅಳತೆ ಕೂಡಿದಾಗ ಬರುವ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು.

"ಮಾಸ್ಟ್ರೇ, ಕೈ ಮುಗಿದು ಕೇಳ್ಕೋತೀನಿ. ಇನ್ನು ಇದಕ್ಕೆ ಏನೂ ಸೇರಿಸ್ಬೇಡಿ."

ಮಾಸ್ಟರು ಕತ್ತರಿ ಮುಟ್ಟಿ ಮಾತು ಕೊಟ್ಟರು. ದಪ್ಪಗೆ ಹೊಸ ಗೆರೆಯನ್ನೂ ಎಳೆದರು.

ಶನಿವಾರ ಮಾಸ್ಟರು ಪಟ್ಟ ಪಾಡು ಅವರ ಬೆರಳಿಗೇ ಗೊತ್ತು. ಕೋಟಿಗೆ ಗುಂಡಿ ಹಚ್ಚುತ್ತ ಕೂತರೂ ಮನಸ್ಸು ಅಂಗಳದಲ್ಲಿತ್ತು. ಮಾವನವರ ತೂಕ, ಕೋಟಿನ ತೂಕ, ಎರಡನೇ ತಿರುವು ಎಲ್ಲ ನೆನಪಾಯಿತು. ಸಂಜೆ ತಡೆಯಲಾರದೆ ಸ್ಪ್ಯಾನರ್ ಹಿಡಿದು ಹೋಗಿ ಬಾನೆಟ್ ಎತ್ತಿದರು. ನಟ್ಟನ್ನು ನೋಡುತ್ತ ಬಹಳ ಹೊತ್ತು ಬಗ್ಗಿ ನಿಂತರು. ಕೊಟ್ಟ ಮಾತು ನೆನೆದು, ಜೀವಮಾನದಲ್ಲಿ ಮೊದಲ ಬಾರಿಗೆ ಏನೂ ಸೇರಿಸದೆ ಬಾನೆಟ್ ಮುಚ್ಚಿದರು. ಒಳಗೆ ಬಂದಾಗ ಯುದ್ಧ ಗೆದ್ದವರಂತೆ ಬೆವತಿದ್ದರು.

ಹೆಂಡತಿ ಕಿಟಕಿಯಿಂದ ಕಂಡದ್ದು ಸ್ಪ್ಯಾನರನ್ನು, ಬಗ್ಗಿದ ಬೆನ್ನನ್ನು. ಸೇರಿಸದೆ ಬಂದರೆಂದು ಆಕೆ ಊಹಿಸುವುದಾದರೂ ಹೇಗೆ? ಗುಡ್ಡದ ಬುಡದಲ್ಲಿ ಪೊಲೀಸು, ಒಂದು ಚೂರು ಹೊಗೆ ಕಂಡರೆ ಅಪ್ಪ ಅಲ್ಲೇ ಉಳಿಯುತ್ತಾನೆ. ಭಾನುವಾರ ಬೆಳಗ್ಗೆ ಪೊರಕೆ ಹಿಡಿದು ಹೋಗಿ ಒಂದು ಮುಖ ತೆಗೆದಳು. ಈ ಸಲ ಎಚ್ಚರದಿಂದ ಹಳೆಯ ಗೆರೆ ಒರೆಸಿ, ಹೊಸದನ್ನು ನೆಟ್ಟಗೆ ಎಳೆದಳು. ಸ್ಪ್ಯಾನರು ಅವಸರದಲ್ಲಿ ಆಕೆಯ ಕೈಚೀಲ ಸೇರಿತು.

ಒಂಬತ್ತು ಗಂಟೆಗೆ ಮಾವನವರು ಬೂದು ಬಣ್ಣದ ಕೋಟು ತೊಟ್ಟು ಹಿಂದಿನ ಸೀಟಿನಲ್ಲಿ ಕೂತರು. ಬೀದಿ ಪೂರ್ತಿ ಕೈಬೀಸಿತು. ಎದುರುಮನೆಯ ಗೇಟು ಮಾತ್ರ ಮುಚ್ಚಿತ್ತು. ಗುಡ್ಡದ ಬುಡದಲ್ಲಿ ಪೊಲೀಸು ದೂರದಿಂದಲೇ ಎರಡು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡ. ಹೊಗೆಯ ಸುಳಿವೂ ಇರಲಿಲ್ಲ. ಮೂಗಿನ ಮೇಲಿದ್ದ ಕೈಯನ್ನೇ ಹಣೆಗೆ ಏರಿಸಿ ಸಲ್ಯೂಟ್ ಹೊಡೆದ. ಮಾಸ್ಟರಿಗೆ ಎಷ್ಟು ಖುಷಿಯಾಯಿತೆಂದರೆ, ಕಾರು ಹತ್ತುತ್ತಿದೆಯೋ ತಾವೇ ಹತ್ತುತ್ತಿದ್ದಾರೋ ತಿಳಿಯಲಿಲ್ಲ.

ಮೊದಲ ತಿರುವು ದಾಟಿತು. ಎರಡನೇ ತಿರುವಿನಲ್ಲಿ ಏರು ಹೆಚ್ಚಾಗಿ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇ ತಡ, ಢಮ್ ಅಂದಿತು. ಮತ್ತೆ ಢಮ್. ಆಮೇಲೆ ಹಳೆಯ ಜಾಗದಲ್ಲಿ, ಹಳೆಯ ಕಲ್ಲಿನ ಪಕ್ಕದಲ್ಲೇ ನಿಂತಿತು.

ಹೆಂಡತಿ ಅಭ್ಯಾಸಬಲದಿಂದ ಇಳಿದು ಆ ಕಲ್ಲನ್ನು ಹಿಂದಿನ ಚಕ್ರಕ್ಕೆ ಒಡ್ಡಿದಳು. ಮಾಸ್ಟರು ಬಾನೆಟ್ ಎತ್ತಿದರು. ಗೆರೆ ತುಂಡಾಗಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ ನೋಡಿದರು. ಗೆರೆ ಕೂದಲೆಳೆಯಷ್ಟು ತೆಳ್ಳಗಿತ್ತು. ಇಪ್ಪತ್ತೆರಡು ವರ್ಷದಿಂದ ಪ್ರತಿ ತೋಳಿನ, ಪ್ರತಿ ಬೆನ್ನಿನ ಅಂಚಿನಲ್ಲಿ ನೋಡಿದ ಗೆರೆ. ಇಲ್ಲಿ ಸವೆಯಿಸಲು ಕತ್ತರಿ ಇರಲಿಲ್ಲ.

"ಇದು ನನ್ನ ಗೆರೆ ಅಲ್ಲ," ಎಂದರು ಮೆಲ್ಲಗೆ.

ಹೆಂಡತಿ ಸೆರಗಿನ ತುದಿ ಸುತ್ತುತ್ತ ನಿಂತಳು. ಕಾರಿನ ಕಿಟಕಿಯಿಂದ ಮಾವನವರ ತಲೆ ಹೊರಗೆ ಬಂತು.

"ಹೇಳಿಬಿಡಮ್ಮ. ಗಂಟೆ ಒಂಬತ್ತೂವರೆ ಆಯ್ತು."

"ಮಾವ, ನಿಮಗೂ ಗೊತ್ತಿತ್ತಾ?"

"ಜಗಲೀಲಿ ಕೂತೋನಿಗೆ ಎಲ್ಲಾ ಕಾಣುತ್ತೆ. ಗಂಡ ಹೆಂಡ್ತಿ ನಡುವೆ ನನಗೇನು ಕೆಲಸ ಅಂತ ಪೇಪರ್ ಓದ್ತಿದ್ದೆ."

ಹೆಂಡತಿ ಹೇಳಿದಳು. ನಟ್ಟಿನಿಂದ ಶುರುಮಾಡಿದಳು. ಅದು ಪೊಲೀಸನ ಯೂನಿಫಾರ್ಮಿಗೆ ಹೋಯಿತು, ಮ್ಯಾನೇಜರ ಸಫಾರಿ ಸೂಟಿಗೆ ಹೋಯಿತು, ಕೊನೆಗೆ ಮದುವೆಯಾದ ಹೊಸದರಲ್ಲಿ ಕತ್ತರಿಸಿದ ಮೊದಲನೇ ಅಂಗಿಗೆ ಬಂದು ನಿಂತಿತು. ಮಾಸ್ಟರು ಕೊರಳಿನ ಟೇಪನ್ನು ತೆಗೆದು, ಸುರುಳಿ ಸುತ್ತಿ, ಜೇಬಿಗೆ ಹಾಕಿಕೊಂಡರು. ಅದನ್ನು ನೋಡಿ ಆಕೆಗೆ ಅಳು ಬಂತು.

ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಸದ್ದಿಲ್ಲದೆ ಒಂದು ಹೊಸ ಕಾರು ಬಂದು ಹಿಂದೆ ನಿಂತಿತು. ಮ್ಯಾನೇಜರು ಇಳಿದು, ಆಕಾಶ ನೋಡುತ್ತ ಹೇಳಿದರು.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಎಲ್ಲಾದ್ರೂ ನಿಂತುಬಿಟ್ರೆ ಹಿಂದೆ ಒಂದು ಗಾಡಿ ಇರಲಿ ಅಂತ ಬಂದೆ, ಅಷ್ಟೆ."

ಮಾಸ್ಟರು ಅವರ ಮುಂದೆ ಕೈಮುಗಿದರು. "ತಪ್ಪು ನಂದು. ನಟ್ಟು ತಿರುಗಿಸಿದ್ದು ನೀವಲ್ಲ, ನಮ್ಮ ಮನೆಯೋರೇ." ಆಮೇಲೆ ಕಿಟಕಿಗೆ ಬಗ್ಗಿ, "ಮಾವ, ಇವರ ಕಾರಲ್ಲಿ ಹೋಗಿ. ಹೊತ್ತಾಯ್ತು. ನನ್ನ ಅಳತೆ ಒಂದೂ ಸರಿ ಇರಲಿಲ್ವಂತೆ. ನಿನ್ನೆ ಏನೂ ಸೇರಿಸದೆ ಬಿಟ್ಟೆ, ಅದೂ ಕೆಟ್ಟಿತು. ನನ್ನ ನಂಬ್ಕೊಂಡು ಕೂರಬೇಡಿ," ಎಂದರು.

"ಯಾರಂದ್ರು ಸರಿ ಇರಲಿಲ್ಲ ಅಂತ?" ಹೆಂಡತಿ ಕಣ್ಣೊರೆಸಿಕೊಂಡು ಮುಂದೆ ಬಂದಳು. "ನಿಮ್ಮದು ಒಂದು ಬೆರಳು ಜಾಸ್ತಿ ಇರ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ಒಂದೂವರೆ ಆಗಿಲ್ಲ, ಅರ್ಧ ಆಗಿಲ್ಲ. ಒಂದೇ ಬೆರಳು. ಅದಕ್ಕೇ ನಾನು ಕಣ್ಣು ಮುಚ್ಚಿ ಕತ್ತರಿಸ್ತಿದ್ದೆ. ನಿನ್ನೆ ಒಂದು ದಿನ ನೀವು ಸೇರಿಸ್ಲಿಲ್ಲ, ನೋಡಿ ಏನಾಯ್ತು."

ಮಾಸ್ಟರು ಆಕೆಯ ಮುಖ ನೋಡಿದರು. ಮಾವನವರು ಸೀಟಿಗೆ ಒರಗಿಕೊಂಡರು.

"ಒಂದು ಮುಖ ತಿರುಗಿಸೋಕೆ ಎಷ್ಟು ಹೊತ್ತು ಬೇಕು ಅಳಿಯಂದ್ರೇ? ನಾನು ಕಾಯ್ತೀನಿ. ಈ ಸೀಟಿಂದ ಇಳಿಯಲ್ಲ."

ಹೆಂಡತಿ ಕೈಚೀಲದಿಂದ ಸ್ಪ್ಯಾನರ್ ತೆಗೆದು ಗಂಡನ ಕೈಗೆ ಕೊಟ್ಟಳು. ಮಾಸ್ಟರು ಬಗ್ಗಿ ಒಂದು ಮುಖ ಕೆಳಕ್ಕೆ ತಿರುಗಿಸಿದರು. ಕೈ ಅಲ್ಲೇ ನಿಂತಿತು. ತುಟಿ ಅಲುಗಿತು. ಹೆಂಡತಿ ಗುಡ್ಡವನ್ನು ನೋಡಿದಳು, ಮ್ಯಾನೇಜರು ಮೋಡವನ್ನು ನೋಡಿದರು. ಮಾಸ್ಟರು ಬಾಯಿಗೆ ಬಂದ ಮಾತು ನುಂಗಿ ಸ್ಪ್ಯಾನರನ್ನು ಹೆಂಡತಿಗೆ ಹಿಂದಿರುಗಿಸಿದರು.

ಕಾರು ಎರಡನೇ ತಿರುವನ್ನು ಹತ್ತಿತು. ಮೂರು ಜನರನ್ನು ಕೂರಿಸಿಕೊಂಡು, ಗೊಣಗದೆ, ಹೊಸ ಕಾರನ್ನು ಹಿಂದೆ ಹಾಕಿ ಹತ್ತಿತು. ಮಾವನವರು ಕಿಟಕಿಯ ಮೇಲೆ ಕೈಯಿಟ್ಟುಕೊಂಡು, ತಾವು ದಿನಾ ನಡೆದು ಹತ್ತಿದ ರಸ್ತೆಯ ಒಂದೊಂದು ಕಲ್ಲನ್ನೂ ಮಾತಾಡಿಸುವವರಂತೆ ನೋಡುತ್ತ ಬಂದರು. ಪಂಪ್‌ಹೌಸಿನ ಬಾಗಿಲಲ್ಲಿ ಇಳಿದಾಗ ಹತ್ತಕ್ಕೆ ನಾಲ್ಕು ನಿಮಿಷವಿತ್ತು.

ಒಳಗೆ ಹಳೆಯ ಪಂಪು ಗುಂಯ್ಗುಡುತ್ತಿತ್ತು. ಅಧಿಕಾರಿ ಒಂದು ಕಾಗದ ಹಿಡಿದು ಭಾಷಣ ಮಾಡಿದರು. ಮೂವತ್ತೊಂದು ವರ್ಷದಲ್ಲಿ ಈ ಊರಿನ ಒಂದು ನಲ್ಲಿಯೂ ಒಂದು ಬೆಳಗ್ಗೆಯೂ ಒಣಗಿರಲಿಲ್ಲ, ಅದಕ್ಕೆ ಕಾರಣ ಈ ಯಂತ್ರವಲ್ಲ, ಈ ಮನುಷ್ಯ ಎಂದರು. ಜನ ಚಪ್ಪಾಳೆ ತಟ್ಟಿದರು. ಜೀವಮಾನವಿಡೀ ಯಾರಿಂದಲೂ ಇಂಥ ಮಾತು ಕೇಳದ ಮಾವನವರು ದೀರ್ಘವಾಗಿ ಉಸಿರೆಳೆದುಕೊಂಡರು. ಅವರ ಎದೆ ಉಬ್ಬಿತು. ಇನ್ನೂ ಉಬ್ಬಿತು. ಮಾಸ್ಟರ ಕಣ್ಣು ಕೋಟಿನ ಗುಂಡಿಗಳ ಮೇಲೆ ನೆಟ್ಟಿತು. ಒಂದು ಬೆರಳು ಕಡಿಮೆಯಾಗಿದ್ದರೆ ಮೇಲಿನ ಗುಂಡಿ ಅಧಿಕಾರಿಯ ಕನ್ನಡಕಕ್ಕೆ ಹೋಗಿ ಬಡಿಯಬೇಕಿತ್ತು. ಒಂದು ಗುಂಡಿಯೂ ಅಲುಗಲಿಲ್ಲ.

ಮಾವನವರು ತೋಳೆತ್ತಿ ಗೋಡೆಯ ಮೇಲಿನ ಹಿಡಿಕೆಯನ್ನು ಕೆಳಕ್ಕೆ ಎಳೆದರು. ಪಂಪು ನಿಧಾನವಾಗಿ ಸುಮ್ಮನಾಯಿತು. ಅವರು ಅದರ ಬೆನ್ನಿನ ಮೇಲೆ ಒಂದು ಸಲ ಕೈಯಾಡಿಸಿದರು.

ಆ ಮೌನದಲ್ಲಿ ಮಾಸ್ಟರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು.

"ಈ ಕೋಟಿಂದೂ ಒಂದು ಬೆರಳು ತೆಗೆದಿದ್ದೆಯಾ?"

"ಇಲ್ಲ ರೀ," ಎಂದಳು ಆಕೆ, ಅಪ್ಪನನ್ನೇ ನೋಡುತ್ತ. "ಇದಕ್ಕೆ ಮಾತ್ರ ನಿಮ್ಮ ಗೆರೆ ಮೇಲೇ ಕತ್ತರಿಸಿದೆ."